ಮಾವನವರ ಹುಲ್ಲಿನ ಮಿಷನ್ನು

ಬಾವಿಗೆ ಕಬ್ಬಿಣದ ರಾಟೆ ತರುತ್ತೇನೆಂದು ಹೋದ ನಮ್ಮ ಮಾವನವರು ಹುಲ್ಲು ಕುಯ್ಯುವ ಮಿಷನ್ನು ತಂದರು. ಹಿಂದೆ ಕುದುರೆ ಸಾಕುತ್ತಿದ್ದ ಯಾವುದೋ ದೊಡ್ಡ ಫಾರಂ ಮುಚ್ಚಿಹೋಗಿ, ಅಲ್ಲಿನ ಹಳೇ ಸಾಮಾನನ್ನೆಲ್ಲ ಹರಾಜು ಹಾಕುತ್ತಿದ್ದಾರೆಂದು ಶಿರಾ ಸಂತೆಯಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದರು. ಹೋಗುವಾಗ ಒಂದು ಗಾಡಿ ಕಟ್ಟಿಕೊಂಡು ಹೋದವರು ಮೂರನೆಯ ದಿನ ಮಧ್ಯಾಹ್ನ ಎರಡು ಗಾಡಿಯೊಂದಿಗೆ ಬಂದರು. ಮುಂದಿನ ಗಾಡಿಯಲ್ಲಿ ಎರಡು ಕಬ್ಬಿಣದ ಚಕ್ರ, ಗೇರು ತುಂಬಿದ ಒಂದು ಪೆಟ್ಟಿಗೆ, ತೂತು ತೂತಿನ ಒಂದು ಕಬ್ಬಿಣದ ಸೀಟು. ಹಿಂದಿನ ಗಾಡಿಯಲ್ಲಿ ಆಳುದ್ದದ ಒಂದು ಕಬ್ಬಿಣದ ತೋಳು, ಅದರ ಉದ್ದಕ್ಕೂ ಮೊಸಳೆಯ ಬಾಯಿಯಲ್ಲಿರುವಂಥ ಹಲ್ಲು. ರಾಟೆ ಎರಡರಲ್ಲೂ ಇರಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದು ಆಗ ಆರು ತಿಂಗಳು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಊರು ಕಳ್ಳಂಬೆಳ್ಳದಿಂದ ಗಾಡಿಯಲ್ಲಿ ಒಂದು ಗಂಟೆಯ ದಾರಿ. ನನ್ನ ತವರು ಶಿರಾ ಪೇಟೆ. ಅಪ್ಪ ಅಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದರು. ಮದುವೆಯಲ್ಲಿ ಪಾತ್ರೆ ಪಡಗದ ಜೊತೆಗೆ ತಮ್ಮ ಅಂಗಡಿಯ ಹಳೆಯದೊಂದು ಹೊಲಿಗೆ ಮಿಷನ್ನನ್ನೂ ನನ್ನ ಜೊತೆ ಕಳಿಸಿದ್ದರು. ನನ್ನ ಗಂಡ ಪಾವಗಡದ ಕಡೆ, ತಿರುಮಣಿ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟರು. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ಇರುತ್ತಿದ್ದವರು ಮಾವ, ಅತ್ತೆ, ನಾನು.

ಆಗಿನ ಪದ್ಧತಿಯಂತೆ ಮಾವನೂ ಸೊಸೆಯೂ ನೇರವಾಗಿ ಮಾತಾಡುವ ಹಾಗಿರಲಿಲ್ಲ. ಮಾವನವರಿಗೆ ನೀರು ಬೇಕಾದರೆ ಜಂತೆಯ ಕಡೆ ನೋಡಿ, "ಒಂದು ಚೊಂಬು ನೀರು ಸಿಕ್ತದಾ?" ಅನ್ನುತ್ತಿದ್ದರು. ನಾನು ನೀರು ತಂದಿಟ್ಟು, ಬಾಗಿಲ ಹಿಂದೆ ನಿಂತು, "ಅತ್ತೆ, ನೀರಿಟ್ಟಿದೀನಿ ಅಂತ ಹೇಳಿ" ಅನ್ನುತ್ತಿದ್ದೆ. ಅತ್ತೆ ಇಬ್ಬರ ನಡುವೆ ಕೂತು, "ಇಟ್ಟವಳಂತೆ" ಅಂತ ಅವರಿಗೆ ಹೇಳುತ್ತಿದ್ದರು. ಮೂವರಿದ್ದದ್ದೂ ಒಂದೇ ಅಂಕಣದಲ್ಲಿ. ಅತ್ತೆ ಇಲ್ಲದ ಹೊತ್ತಿನಲ್ಲಿ ಮಾವನವರು ಎಮ್ಮೆಯ ಜೊತೆ ಮಾತಾಡುತ್ತಿದ್ದರು, ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ.

ಗಾಡಿಗಳು ಬಂದು ನಿಂತಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದರು.

"ರಾಟೆ ಎಲ್ಲಿ?"

"ರಾಟೆ ನಾಳೆ ಬೇಕಾದ್ರೂ ತರಬೋದು. ಇದು ಸಿಗ್ತದಾ?"

"ಸಿಗದಿದ್ರೆ ಏನಾಗ್ತಿತ್ತು?"

ಮಾವನವರು ಎತ್ತು ಬಿಚ್ಚತೊಡಗಿದರು. ಅಷ್ಟರಲ್ಲಿ ಊರೆಲ್ಲ ಸೇರಿತ್ತು. ಒಬ್ಬ ಫಿರಂಗಿ ಅಂದ. ಇನ್ನೊಬ್ಬ ರೈಲಿನ ಮುರುಕು ಅಂದ. ಒಬ್ಬ ಮುದುಕ ಹಲ್ಲಿನ ತೋಳನ್ನು ಉದ್ದಕ್ಕೂ ಸವರಿ ನೋಡಿ, "ಇದು ತಲೆಕೂದಲು ಕತ್ತರಿಸೋ ಮಿಷನ್ನು ಕಣ್ಲಾ. ಆನೆಗೆ ಮಾಡ್ಸಿರೋದು" ಅಂದ. ಆಮೇಲೆ ನೋಡಿದರೆ ಎಲ್ಲರಿಗಿಂತ ಅವನ ಮಾತೇ ನಿಜಕ್ಕೆ ಹತ್ತಿರವಾಗಿತ್ತು.

ಮಾವನವರ ಲೆಕ್ಕಾಚಾರ ಪೂರ್ತಿ ಹುಚ್ಚೇನೂ ಅಲ್ಲ. ಕೆರೆಯ ಹಿನ್ನೀರಿನ ಅಂಚಿಗೆ ನಮ್ಮದು ನಾಲ್ಕೆಕರೆ ಬಯಲು. ಬೆಳೆ ಇಡಲು ಜೌಗು, ಬಿಟ್ಟರೆ ಹುಲ್ಲು. ದೀಪಾವಳಿಯ ಹೊತ್ತಿಗೆ ಅದು ಸೊಂಟದುದ್ದ ಬೆಳೆದು ಗಾಳಿಗೆ ಓಲಾಡುತ್ತಿತ್ತು. ಅದನ್ನು ಹಸಿಯಿರುವಾಗಲೇ ಕುಯ್ದು, ಎರಡು ಬಿಸಿಲು ಒಣಗಿಸಿ ಬಣವೆ ಹಾಕಿದರೆ ದನಗಳಿಗೆ ಬೇಸಿಗೆ ಪೂರ್ತಿ ಮೇವು. ಆದರೆ ಕಡಲೆಕಾಯಿ ಕೀಳುವುದು, ರಾಗಿ ಕುಯ್ಯುವುದು ಎಲ್ಲ ಅದೇ ಹೊತ್ತಿಗೆ. ಆಳುಗಳು ಹುಲ್ಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ವರ್ಷ ವರ್ಷವೂ ಹುಲ್ಲು ನಿಂತಲ್ಲೇ ಒಣಗಿ ಕಡ್ಡಿಯಾಗುತ್ತಿತ್ತು. ದನ ಅದನ್ನು ಮೂಸಿ ನೋಡಿ ನಮ್ಮ ಮುಖ ನೋಡುತ್ತಿದ್ದವು.

ಊರಿನ ಆಚಾರಿ, ಕಬ್ಬಿಣ ಕೆಲಸದವನು, ಎರಡು ದಿನ ಕೂತು ಮಿಷನ್ನು ಜೋಡಿಸಿದ. ಅವನ ಬಳಿ ನಾಲ್ಕು ಬೋಲ್ಟು ಉಳಿದವು. "ಹೆಚ್ಗೆ ಕೊಟ್ಟವ್ರೆ" ಅಂದ. ಮಾವನವರು ಸೀಟಿನ ಮೇಲೆ ಹತ್ತಿ ಕೂತರು. ಅದು ಯಾವನೋ ದಪ್ಪ ದೊರೆಯ ಅಳತೆಗೆ ಎರಕ ಹುಯ್ದ ಸೀಟು. ಮಾವನವರು ಕಡ್ಡಿಯಂಥ ಆಳು, ಬಾಣಲೆಯಲ್ಲಿ ಕೂರಿಸಿದ ನುಗ್ಗೆಕಾಯಿಯಂತೆ ಆ ಕಡೆ ಈ ಕಡೆ ಜಾರುತ್ತಿದ್ದರು. ಕೊನೆಗೆ ಒಂದು ಕಂಬಳಿಯನ್ನು ಮಡಚಿ ಕಟ್ಟಿದರು.

ಕೆಲಸ ಶುರುವಾದ ದಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ನಮ್ಮ ಜೋಡೆತ್ತು ಕಟ್ಟಿದರು. ಬದುವಿನ ಮೇಲೆ ಊರು ಸಾಲಾಗಿ ನಿಂತಿತ್ತು. ಎತ್ತುಗಳು ತಮ್ಮ ಮಾಮೂಲಿ ಗತ್ತಿನಲ್ಲಿ ಹೆಜ್ಜೆಯಿಟ್ಟವು. ಚಕ್ರ ತಿರುಗಿತು, ಗೇರು ತಿರುಗಿತು, ಹಲ್ಲುಗಳ ನಡುವಿನ ಕತ್ತಿ ಆಕಡೆ ಈಕಡೆ ಸರಿದಾಡಿತು. ಹುಲ್ಲು ಮಾತ್ರ ತುಂಡಾಗಲಿಲ್ಲ. ಮಿಷನ್ನು ಹೋದ ದಾರಿಯುದ್ದಕ್ಕೂ ಒಂದೇ ಕಡೆಗೆ ಬಾಗಿ ನೀಟಾಗಿ ಮಲಗಿತು.

"ಚೆನ್ನಾಗಿ ಬಾಚ್ತದೆ" ಅಂದರು ಅತ್ತೆ. "ಒಸಿ ಎಣ್ಣೆ ಹಚ್ಚಿ ಜಡೆ ಹಾಕ್ಬುಡಿ."

ಮಾವನವರಿಗೆ ಅವಮಾನವಾಯಿತು. ಎತ್ತುಗಳ ಬಾಲ ಹಿಂಡಿದರು. ಹಿಂದೆ ಕಟಕಟಕಟ ಎಂಬ ಸದ್ದು ಜೋರಾಯಿತು. ತಮ್ಮ ಬೆನ್ನ ಹಿಂದೆ ಏನೋ ಹಲ್ಲು ಕಡಿಯುತ್ತಾ ಬರುತ್ತಿದೆ ಎಂದು ಎತ್ತುಗಳಿಗೆ ಆಗ ಹೊಳೆಯಿತು. ಬಾಲ ಮೇಲೆತ್ತಿ ಓಡಿದವು. ಅವು ಓಡಿದಷ್ಟೂ ಸದ್ದು ಹೆಚ್ಚಾಯಿತು, ಸದ್ದು ಹೆಚ್ಚಾದಷ್ಟೂ ಅವು ಓಡಿದವು. ಸೋಜಿಗವೆಂದರೆ ಹುಲ್ಲು ಈಗ ತುಂಡಾಗಿ ಬೀಳತೊಡಗಿತು, ಕ್ಷೌರ ಮಾಡಿದಂತೆ ನುಣ್ಣಗೆ. ಬಯಲು ಮುಗಿಯಿತು, ಎತ್ತು ನಿಲ್ಲಲಿಲ್ಲ. ಪಕ್ಕದವರ ಹುರುಳಿ ಹೊಲದ ನಟ್ಟನಡುವೆ ಒಂದು ಆಳಗಲದ ರಸ್ತೆ ಮಾಡಿಕೊಂಡು ಹೋಗಿ, ಜಾಲಿ ಮೆಳೆಗೆ ನುಗ್ಗಿ ನಿಂತವು. ಮಾವನವರು ಸೀಟನ್ನು ತಬ್ಬಿಕೊಂಡಿದ್ದರು. ರುಮಾಲು ಹುರುಳಿಯಲ್ಲೆಲ್ಲೋ ಬಿದ್ದಿತ್ತು.

ಹುರುಳಿಯ ಯಜಮಾನ ಓಡಿ ಬಂದವನು ಬೈಯಲು ಬಾಯಿ ತೆರೆದು, ಕುಯ್ದ ಸಾಲನ್ನು ಕಂಡು ಸುಮ್ಮನಾದ. "ಏನೇ ಹೇಳು, ಕುಯ್ದಿರೋದು ಬಾಳ ನೀಟಾಗೈತೆ" ಅಂದ. ಅವನಿಗೆ ಒಂದು ಗಾಡಿ ಹುಲ್ಲು ಕೊಡುವುದೆಂದು ಮಾತಾಯಿತು.

ಸಂಜೆ ಮಿಷನ್ನನ್ನು ಅಂಗಳಕ್ಕೆ ಎಳೆದು ತಂದರು. ಹಲ್ಲಿನ ತುಂಬ ಹುರುಳಿ ಬಳ್ಳಿ ಸಿಕ್ಕಿಹಾಕಿಕೊಂಡಿತ್ತು. ಮಾವನವರು ಒಂದು ಕೈಯಿಂದ ಚಕ್ರ ತಿರುಗಿಸುತ್ತಾ, ಇನ್ನೊಂದು ಕೈಯನ್ನು ಹಲ್ಲಿನ ಸಂದಿಗೆ ಹಾಕಿ ಬಳ್ಳಿ ಕೀಳತೊಡಗಿದರು. ನಾನು ಬಾಗಿಲ ಹಿಂದಿನಿಂದ ನೋಡುತ್ತಿದ್ದೆ. ಚಕ್ರ ತಿರುಗಿದರೆ ಕತ್ತಿ ಸರಿಯುತ್ತದೆ, ಕತ್ತಿ ಸರಿದರೆ ಬೆರಳು ಉಳಿಯುವುದಿಲ್ಲ. ಹೊಲಿಗೆ ಮಿಷನ್ನಿನ ಚಕ್ರ ತಿರುಗಿಸುತ್ತಾ ಸೂಜಿಯ ಕೆಳಗೆ ಬೆರಳಿಟ್ಟು, ಉಗುರಿನ ಮೂಲಕ ದಾರ ಪೋಣಿಸಿಕೊಂಡವರನ್ನು ನಾನು ಅಪ್ಪನ ಅಂಗಡಿಯಲ್ಲಿ ನೋಡಿದ್ದೆ.

"ಮಾವಾ, ಕೈ ತೆಗೀರಿ!" ಎಂದು ಕಿರುಚಿಬಿಟ್ಟೆ.

ಅತ್ತೆ ಕೈಯಲ್ಲಿದ್ದ ಮೊರ ಹಿಡಿದುಕೊಂಡೇ ನಿಂತರು. ಎಮ್ಮೆ ಕೂಡ ತಿರುಗಿ ನೋಡಿತು. ಮಾವನವರು ಕೈ ತೆಗೆದು, ಮೊದಲ ಬಾರಿಗೆ ಜಂತೆ ನೋಡದೆ, ಎಮ್ಮೆ ನೋಡದೆ, ನನ್ನ ಕಡೆ ನೋಡಿದರು.

"ಯಾಕವ್ವಾ?" ಅಂದರು.

ಶುರುವಾದ ಮಾತನ್ನು ನಿಲ್ಲಿಸುವ ಹಾಗಿರಲಿಲ್ಲ. ಸೆರಗು ಎಳೆದುಕೊಂಡು ಹೊರಗೆ ಬಂದು, ಒಂದು ಜೋಳದ ದಂಟನ್ನು ಹಲ್ಲಿನ ಸಂದಿಗೆ ಇಟ್ಟು ಚಕ್ರ ತಿರುಗಿಸಿದೆ. ದಂಟು ಎರಡು ತುಂಡಾಗಿ ಬಿತ್ತು. ಮಾವನವರು ದಂಟನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿಕೊಂಡರು, ಆಮೇಲೆ ಪಂಚೆಯನ್ನು ಎತ್ತಿಕಟ್ಟಿ ನನ್ನೆದುರು ಕುಕ್ಕರುಗಾಲಲ್ಲಿ ಕೂತರು.

"ಇದರ ಹಣೆಬರಹ ನಿಂಗೆ ಗೊತ್ತಾ?"

"ಹೊಲಿಗೆ ಮಿಷನ್ ಥರಾನೇ ಮಾವ. ಅಲ್ಲಿ ಸೂಜಿ ಮ್ಯಾಲಕ್ಕೂ ಕೆಳಕ್ಕೂ ಹೋಗ್ತದೆ, ಇಲ್ಲಿ ಕತ್ತಿ ಅಡ್ಡಡ್ಡ ಹೋಗ್ತದೆ. ಮೆಲ್ಲಗೆ ತುಳಿದ್ರೆ ಅದೂ ದಾರ ಗಂಟು ಹಾಕ್ತದೆ. ಜೋರಾಗಿ ತುಳೀಬೇಕು."

"ಅಂಗಾದ್ರೆ ಎತ್ತು ಓಡ್ಬೇಕು."

"ಎತ್ತಲ್ಲ ಮಾವ. ಕುದುರೆಗೆ ಮಾಡಿರೋದಿರಬೇಕು."

ಅತ್ತೆ ಮೊರ ಕೆಳಗಿಟ್ಟರು. "ನಾನಿನ್ನು ಮಧ್ಯೆ ಕೂರೋ ಅಂಗಿಲ್ಲ ಅನ್ನಿ" ಎಂದು ಒಳಗೆ ಹೋದರು. ಕೋಪವೋ ನೆಮ್ಮದಿಯೋ ತಿಳಿಯಲಿಲ್ಲ.

ಮರುದಿನದಿಂದ ನಾನೂ ಮಾವನವರೂ ಮಿಷನ್ನು ಬಿಚ್ಚಲು ಕೂತೆವು. ಗೇರಿನ ಪೆಟ್ಟಿಗೆಯೊಳಗೆ ಹಳೇ ಎಣ್ಣೆ ಅರಗಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ ಕೆರೆದು ತೆಗೆದೆವು. ನನ್ನ ಹೊಲಿಗೆ ಮಿಷನ್ನಿನ ಉದ್ದ ಮೂಗಿನ ಎಣ್ಣೆಡಬ್ಬಿಯನ್ನು ತಂದು ಒಂದು ತೂತಿಗೆ ಎರಡು ತೊಟ್ಟು ಹಾಕಿದೆ. ಮಾವನವರು ನಕ್ಕರು. "ಆನೆ ಬಾಯಿಗೆ ಜೀರಿಗೆ ಹಾಕ್ತಿದೀಯ ಕಣವ್ವ" ಎಂದು ಹರಳೆಣ್ಣೆಯ ಗಡಿಗೆಯನ್ನೇ ತಂದು ಸುರಿದರು. ಅತ್ತೆ ತಲೆಗೆ ಹಚ್ಚಲೆಂದು ತೆಗೆದಿಟ್ಟ ಎಣ್ಣೆ ಅದು. ಕತ್ತಿಯ ಪಟ್ಟಿಗೆ ಸಮೋಸದಾಕಾರದ ಇಪ್ಪತ್ತಕ್ಕೂ ಮೇಲ್ಪಟ್ಟು ಅಲಗುಗಳನ್ನು ರಿವೀಟು ಹೊಡೆದು ಕೂರಿಸಿದ್ದರು. ಅದನ್ನು ಹಲಗೆಯ ಮೇಲೆ ಅಡ್ಡ ಇಟ್ಟುಕೊಂಡು, ಆ ತುದಿಯಿಂದ ಅವರು, ಈ ತುದಿಯಿಂದ ನಾನು, ಸಾಣೆಕಲ್ಲಿನಲ್ಲಿ ಮಸೆಯುತ್ತಾ ನಡುವಿನ ಅಲಗಿನಲ್ಲಿ ಸಂಧಿಸುತ್ತಿದ್ದೆವು. ನಡು ಮುಟ್ಟುವಷ್ಟರಲ್ಲಿ ಅವರು ತಮ್ಮ ಬಾಲ್ಯದ ಒಂದು ಕಥೆ ಮುಗಿಸಿರುತ್ತಿದ್ದರು.

ಆ ಶನಿವಾರ ನನ್ನ ಗಂಡ ಊರಿಗೆ ಬಂದರು. ಅಂಗಳದಲ್ಲಿ ಅಪ್ಪನೂ ಹೆಂಡತಿಯೂ ಎದುರುಬದುರು ಕೂತು ಕತ್ತಿ ಮಸೆಯುವುದನ್ನು ನೋಡಿ ಬಾಗಿಲಲ್ಲೇ ನಿಂತರು. "ಏಮಿ ಇದಿ?" ಅಂದರು. ಪಾವಗಡದ ತೆಲುಗು ಅಷ್ಟರಲ್ಲಿ ನಾಲಿಗೆಗೆ ಹತ್ತಿತ್ತು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು, ಸ್ಕೂಲಿಗೆ ಬರುವ ಇನ್ಸ್‌ಪೆಕ್ಟರರಂತೆ ಮಿಷನ್ನಿಗೆ ಒಂದು ಸುತ್ತು ಬಂದರು. ಏನನ್ನೂ ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ಪಾವಗಡದ ಬಸ್ಸು ಹತ್ತಿದರು. ಮುಂದೆಯೂ ಅವರು ಮಿಷನ್ನಿನ ವಿಷಯದಲ್ಲಿ ಇದೇ ದೂರವನ್ನು ಕಾಯ್ದುಕೊಂಡರು.

ಕುದುರೆಗೆ ಶಿರಾಕ್ಕೆ ಹೋಗಬೇಕಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರ ಜಟಕಾ ಓಡಿಸುತ್ತಿದ್ದ ಒಬ್ಬ ವಯಸ್ಸಾದ ಸಾಬರು ನನ್ನಪ್ಪನಿಗೆ ಬೇಕಾದವರು. ಚಿಕ್ಕವಳಿದ್ದಾಗ ನನ್ನನ್ನು ಸ್ಕೂಲಿಗೆ ಬಿಟ್ಟವರು ಅವರೇ. ಮಾವನವರು ಹೋಗಿ ವಿಷಯ ಹೇಳಿದಾಗ ಅವರು ಗಡ್ಡ ಕೆರೆದುಕೊಂಡು, "ಗೌಡ್ರೆ, ನಮ್ ಘೋಡಾ ಉಲ್ಲು ತಿಂದೈತೆ, ಕುಯ್ದಿಲ್ಲ. ಆದ್ರೂ ನೋಡಾಣ" ಅಂದರಂತೆ. ಮಿಷನ್ನಿಗೆ ಎರಡು ಕುದುರೆ ಬೇಕು. ತಮ್ಮದರ ಜೊತೆಗೆ ಭಾಮೈದನ ಕುದುರೆಯನ್ನೂ ಹಿಡಿದುಕೊಂಡು ಬಂದರು. ಕೂಲಿಗೆ ಬದಲು ಒಣಹುಲ್ಲು ಕೊಡುವ ಮಾತಾಗಿತ್ತು. ನನ್ನನ್ನು ಕಂಡದ್ದೇ, "ಅರೆ ಬೇಟಿ, ಇಷ್ಟುದ್ದ ಆಗ್ಬುಟ್ಯಾ!" ಎಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

ಎರಡನೆಯ ಸಲವೂ ಊರೆಲ್ಲ ಬದುವಿನ ಮೇಲೆ ನಿಂತಿತು. ಸಾಬರು ಲಗಾಮು ಹಿಡಿದು ಸೀಟಿನ ಹಿಂದೆ ಚೌಕಟ್ಟಿನ ಮೇಲೆ ನಿಂತರು, ಮಾವನವರು ಸೀಟಿನಲ್ಲಿ. ಕುದುರೆಗಳು ಹತ್ತು ಮಾರು ಚೆನ್ನಾಗಿ ಓಡಿ, ಬದುವಿನ ಮೇಲೆ ನಿಂತಿದ್ದ ಮೊದಲನೆಯವನ ಎದುರಿಗೆ ಗಕ್ಕನೆ ನಿಂತವು. ಚಾವಟಿ ಬೀಸಿದರೆ ಮತ್ತೆ ಓಡಿ, ಎರಡನೆಯವನ ಎದುರು ನಿಂತವು. ಹಾಗೆ ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿಕೊಂಡು ಹೊರಟವು.

"ಇದ್ಯಾಕ್ ಸಾಬ್ರೆ ಇಂಗಾಡ್ತವೆ?" ಎಂದರು ಮಾವ.

"ಅವುಂದು ತಪ್ಪಿಲ್ಲ ಗೌಡ್ರೆ. ಹುಟ್ಟಿದಾಗಿಂದ ಕಲ್ಸಿರೋದೇ ಅದು. ಆದ್ಮಿ ನಿಂತಿದ್ರೆ ಸವಾರಿ. ಸವಾರಿ ಅಂದ್ರೆ ನಿಲ್ಲು."

ಮಾವನವರು ಎದ್ದು ನಿಂತು, "ಎಲ್ಲಾರೂ ಕೂತ್ಕಳ್ರಲಾ! ಯಾರೂ ಏಳ್ಬ್ಯಾಡಿ!" ಎಂದು ಕೂಗಿದರು. ಊರೆಲ್ಲ ಬದುವಿನ ಹಿಂದೆ ಕುಳಿತಿತು. ಈಗ ಕುದುರೆಗಳಿಗೆ ಎಲ್ಲಿಗೆ ಹೋಗಬೇಕೆಂಬುದೇ ತಿಳಿಯದಾಯಿತು. ಸವಾರಿ ಇಲ್ಲ, ಬಸ್‌ಸ್ಟ್ಯಾಂಡಿಲ್ಲ, ಎದುರಿಗೆ ಕಣ್ಣು ಹಾಯುವಷ್ಟೂ ಹುಲ್ಲು. ತಲೆ ತಗ್ಗಿಸಿ ಮೇಯತೊಡಗಿದವು.

ಅತ್ತೆ ಆ ಹೊತ್ತಿಗೆ ಬಯಲಿನ ಆಚೆ ತುದಿಯಲ್ಲಿ ಬಂದರು. ಎಲ್ಲರಿಗೂ ಮಜ್ಜಿಗೆ ತಂದಿದ್ದರು. ತಲೆಯ ಮೇಲೆ ಗಡಿಗೆ, ಕಂಕುಳಲ್ಲಿ ಬಟ್ಟೆಯ ಗಂಟು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತರು. ಸಾಬರ ಕುದುರೆ ತಲೆಯೆತ್ತಿ ಅವರನ್ನು ನೋಡಿತು. ಭಾಮೈದನ ಕುದುರೆಯೂ ನೋಡಿತು. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಗಿರಾಕಿಗಾಗಿ ಎಷ್ಟು ವರ್ಷದಿಂದ ಪೈಪೋಟಿ ಮಾಡಿದ್ದವೋ, ಎರಡೂ ಕಿವಿ ನಿಮಿರಿಸಿ ಒಂದೇ ಸಲ ನೆಗೆದವು.

ಕಟಕಟಕಟಕಟ ಎಂದು ಕತ್ತಿ ಹಾಡಿತು. ಹುಲ್ಲು ಅಲೆಯಲೆಯಾಗಿ ಮಲಗುತ್ತಾ ಬಂತು. ತಮ್ಮ ಕಡೆಗೇ ಹಲ್ಲು ಕಡಿಯುತ್ತಾ ಬರುತ್ತಿರುವುದನ್ನು ಕಂಡ ಅತ್ತೆ ಓಡಲು ತಿರುಗಿದರು.

"ಅಮ್ಮಾ! ಅಲ್ಲೇ ನಿಂತ್ಕೊಳ್ಳಿ! ಓಡೋದ್ ಬೇಡಿ!" ಎಂದು ಸಾಬರು ಕೂಗಿದರು. ಅವಸರಕ್ಕೆ ಅವರ ಕನ್ನಡ ಮುರಿದಿತ್ತು.

"ಯಾಕಪ್ಪಾ, ಹಾವೈತಾ?" ಎಂದು ಅತ್ತೆ ಒಂದೇ ಕಾಲಿನ ಮೇಲೆ ನಿಂತರು.

ಕುದುರೆಗಳು ಸರಿಯಾಗಿ ಅವರ ಎದುರಿಗೆ ಬಂದು ನಿಂತು, ಹತ್ತಲು ಅನುವಾಗಲಿ ಎಂದು ಸ್ವಲ್ಪ ಓರೆಯಾಗಿ ತಿರುಗಿದವು. ಹಿಂದೆ ನೋಡಿದರೆ ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಆಳಗಲದ ಹುಲ್ಲು ನುಣ್ಣಗೆ ಕುಯ್ದು ಬಿದ್ದಿತ್ತು. ಮಾವನವರು ಸೀಟಿನಿಂದ ಇಳಿದರು, ಅತ್ತೆಯ ತಲೆಯ ಮೇಲಿನ ಗಡಿಗೆಯನ್ನು ತಾವೇ ಇಳಿಸಿಕೊಂಡರು. ಆ ಮನೆಯಲ್ಲಿ ಅಂಥದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೀನು ಇಲ್ಲೇ ನಿಂತ್ಕೋ. ಗಂಟು ಕಂಕುಳಲ್ಲೇ ಇರ್ಲಿ" ಅಂದರು.

"ಎಷ್ಟೊತ್ತು?"

"ನಾಕೆಕರೆ."

ಅತ್ತೆಯ ಮುಖ ನೋಡಿ ಸಾಬರು ಬೇರೆ ಕಡೆ ತಿರುಗಿದರು. ಹೋಗುವುದೇನೋ ಆಯಿತು, ವಾಪಸು ಬರಬೇಕಲ್ಲ? ಅದಕ್ಕೆ ಈಚೆ ತುದಿಯಲ್ಲೂ ಒಂದು ಸವಾರಿ ಬೇಕು. ಮಾವನವರು ನನ್ನ ಕಡೆ ನೋಡಿ, "ಅವ್ವಾ, ನೀನು ಆ ಕಡೆ ನಿಂತ್ಕೊಂಡೀಯಾ?" ಅಂದರು. ನಾನು ಒಂದು ಖಾಲಿ ಚೀಲ ಹಿಡಿದು ನಿಂತೆ. ಹೀಗೆ ಆಚೆ ಅತ್ತೆ, ಈಚೆ ಸೊಸೆ, ನಡುವೆ ಮಾವ. ಅತ್ತೆಯಿಂದ ನನ್ನ ಬಳಿಗೆ, ನನ್ನಿಂದ ಅತ್ತೆಯ ಬಳಿಗೆ ಅವರು ಇಡೀ ಹಗಲು ಓಡಾಡಿದರು. ಪ್ರತಿ ಸಲವೂ ಕುದುರೆಗಳು ಆಸೆಯಿಂದ ಬಂದು ನಿಲ್ಲುತ್ತಿದ್ದವು. ಪ್ರತಿ ಸಲವೂ ನಾವು ಹತ್ತುತ್ತಿರಲಿಲ್ಲ. ಅವುಗಳ ಮುಖದಲ್ಲಿ ಮೂಡುತ್ತಿದ್ದ ಬೇಸರ ನೋಡಿ ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಮೂರನೆಯ ದಿನ ಸಂಜೆ ಅತ್ತೆ ತಡೆಯಲಾರದೆ ಸಾಬರಿಗೆ, "ಒಂದ್ಸಲ ಅವುಕ್ಕೆ ಜಟಕಾ ಕಟ್ಟು, ನಾನು ಹತ್ತಿ ಊರ ಬಾಗಿಲತಂಕ ಹೋಗಿ ಬತ್ತೀನಿ" ಅಂದರು. ಜಟಕಾ ಶಿರಾದಲ್ಲಿತ್ತು. ಆದ್ದರಿಂದ ಅದಾಗಲಿಲ್ಲ.

ಎರಡನೆಯ ದಿನ ನಡೆದದ್ದನ್ನು ಹೇಳುವುದು ಮರೆತೆ. ಗೇರಿನ ಪೆಟ್ಟಿಗೆಯಿಂದ ಕತ್ತಿಗೆ ಒಂದು ಮರದ ಕೋಲು ಹೋಗುತ್ತಿತ್ತು. ಕತ್ತಿಯನ್ನು ತಳ್ಳುವುದೂ ಎಳೆಯುವುದೂ ಆ ಕೋಲೇ. ಎಲ್ಲಿಯಾದರೂ ತೋಳು ಬಡಿದರೆ ಕಬ್ಬಿಣ ಮುರಿಯುವ ಬದಲು ಮರ ಮುರಿಯಲಿ ಎಂದು ಮಾಡಿದವರ ಉಪಾಯ. ಬೆಳಿಗ್ಗೆ ತೋಳು ಒಂದು ಹುತ್ತಕ್ಕೆ ಬಡಿದು ಕೋಲು ಪಟ್ಟೆಂದು ಮುರಿಯಿತು. ಆಚಾರಿ ಮೂರು ದಿನ ಕೇಳಿದ. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು, ಕುಯ್ದ ಹುಲ್ಲು ನೆಲದ ಮೇಲಿತ್ತು. ಮಾವನವರು ಮನೆಯ ಕಡೆ ಹೋದರು, ಅರ್ಧ ಗಂಟೆಯಲ್ಲಿ ಹೊಸ ಕೋಲು ತಂದರು. ಎರಡು ತುದಿಗೂ ತೂತು ಕೊರೆದು ಕೂರಿಸಿದೆವು. ಅಳತೆ ಮಾಡಿಸಿದಂತೆ ಕೂತಿತು. ಎಲ್ಲಿಂದ ತಂದರೆಂದು ನಾನು ಕೇಳಲಿಲ್ಲ. ನೋಡಿದಾಗಲೇ ಗೊತ್ತಾಗಿತ್ತು.

ಅತ್ತ ಅಡಿಗೆಮನೆಯಲ್ಲಿ ಎಸರು ಕುದಿಯುತ್ತಿತ್ತು. ಅತ್ತೆ ರಾಗಿಹಿಟ್ಟು ಹಾಕಿ, ಕೈ ಚಾಚಿದರೆ ಮುದ್ದೆ ಕೋಲಿಲ್ಲ. ಒಲೆಯ ಹಿಂದೆ, ಮಂಕರಿಯ ಕೆಳಗೆ, ಕೊಟ್ಟಿಗೆಯಲ್ಲಿ ಎಲ್ಲ ಕಡೆ ಹುಡುಕಿದರು. ಹಿಟ್ಟು ಗಂಟುಗಂಟಾಗಿ ಕೊನೆಗೆ ಅಂಬಲಿಯಾಯಿತು. ಅದನ್ನೇ ಹೊತ್ತುಕೊಂಡು ಬಯಲಿಗೆ ಬಂದು, ತಮ್ಮ ಜಾಗದಲ್ಲಿ ಗಂಟು ಹಿಡಿದು ನಿಂತರು. ಕುದುರೆಗಳು ಬಂದು ಎದುರಿಗೆ ನಿಂತವು. ಅತ್ತೆಯ ಕಣ್ಣು ನಿಧಾನವಾಗಿ ಮಿಷನ್ನಿನ ಕಡೆ ಹೋಯಿತು.

"ಅದು ನನ್ನ ಮುದ್ದೆ ಕೋಲಲ್ವಾ?"

ಮಾವನವರು ಆಕಾಶ ನೋಡಿದರು. "ಮೋಡ ಐತೆ" ಅಂದರು.

"ನಮ್ಮವ್ವ ತವರಿಂದ ಕೊಟ್ಟು ಕಳ್ಸಿದ್ದು. ಇಪ್ಪತ್ತೈದು ವರ್ಷದಿಂದ ನಿಮಗೆಲ್ಲ ಹಿಟ್ಟು ತೊಳಸಿದ್ದು."

"ಅದಕ್ಕೇ ಅಷ್ಟು ಗಟ್ಟಿಯಾಗೈತೆ."

ಅತ್ತೆ ಬಗ್ಗಿ ಕೋಲನ್ನು ಮುಟ್ಟಿ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಹೊರಡಿ ಮತ್ತೆ, ಮಳೆ ಬಂದಾತು. ಅದು ಮುರುದ್ರೆ ಮಾತ್ರ ನಾನು ಸುಮ್ಕಿರಾಕಿಲ್ಲ" ಅಂದರು. ಆ ಕೋಲು ಆ ವರ್ಷ ಮುರಿಯಲಿಲ್ಲ. ಮಾವನವರು ಆಚಾರಿಯಿಂದ ಜಾಲಿ ಮರದಲ್ಲಿ ಒಂದು ಹೊರೆ ಕೋಲು ಮಾಡಿಸಿದರು. ಅರ್ಧ ಮಿಷನ್ನಿಗೆ, ಅರ್ಧ ಅಡಿಗೆಮನೆಗೆ. ಅಳತೆ ಒಂದೇ ಆದ್ದರಿಂದ ಯಾವುದು ಯಾವುದೆಂದು ಕೊನೆಯವರೆಗೂ ಗೊಂದಲವಿತ್ತು. ಒಂದು ದಿನ ಮುದ್ದೆಯಲ್ಲಿ ಹರಳೆಣ್ಣೆಯ ವಾಸನೆ ಬಂತು. ಯಾರೂ ಮಾತಾಡದೆ ಉಂಡೆವು.

ಹುಲ್ಲು ಒಣಗಿ, ಮನೆ ಹಿಂದೆ ಎರಡು ಬಣವೆ ಎದ್ದವು. ಸಾಬರು ನಮ್ಮದೊಂದು ಎತ್ತಿನ ಗಾಡಿ ತುಂಬ ಹುಲ್ಲು ಹೇರಿಕೊಂಡು, ಎರಡು ಕುದುರೆಯನ್ನೂ ಹಿಂದೆ ಕಟ್ಟಿಕೊಂಡು ಶಿರಾಕ್ಕೆ ಹೊರಟರು. ಕುದುರೆಗಳು ದಾರಿಯುದ್ದಕ್ಕೂ ಹಿಂದಿನಿಂದ ಹುಲ್ಲು ಎಳೆದು ತಿಂದು, ಊರು ಮುಟ್ಟುವಾಗ ಗಾಡಿ ಅರ್ಧವಾಗಿತ್ತಂತೆ.

ಅಲ್ಲಿಂದ ಐದಾರು ವರ್ಷ ಪ್ರತಿ ದೀಪಾವಳಿಯಾದ ಮೇಲೆ ಸಾಬರು ಬರುತ್ತಿದ್ದರು. ಅತ್ತೆ ವರ್ಷ ವರ್ಷಕ್ಕೂ ತಮ್ಮ ಕೆಲಸದಲ್ಲಿ ಪಳಗಿದರು. ನಾಲ್ಕು ಜನ ನೋಡುತ್ತಾರೆಂದು ಒಳ್ಳೆ ಸೀರೆ ಉಡುತ್ತಿದ್ದರು, ಒಂದು ಛತ್ರಿಯೂ ಬಂತು. ಛತ್ರಿ ಬಿಚ್ಚಿ ಹಿಡಿದರೆ ಕುದುರೆಗಳು ಇನ್ನೂ ಜೋರಾಗಿ ಓಡುತ್ತವೆಂದು ಅವರೇ ಕಂಡುಹಿಡಿದರು. ಛತ್ರಿಯವರು ಅನುಕೂಲಸ್ಥರೆಂಬ ಅಂದಾಜು ಕುದುರೆಗಳಿಗೆ ಇತ್ತೆಂದು ಸಾಬರು ಹೇಳುತ್ತಿದ್ದರು. ನನಗೆ ಮೊದಲ ಮಗು ಹುಟ್ಟಿದ ವರ್ಷ ನನ್ನ ಜಾಗದಲ್ಲಿ ಒಂದು ಬೆದರುಬೊಂಬೆಗೆ ನನ್ನ ಸೀರೆ ಉಡಿಸಿ ನಿಲ್ಲಿಸಿದರು. ಕುದುರೆಗಳು ಒಮ್ಮೆ ಹೋಗಿ ಮೂಸಿ ನೋಡಿದವು, ಎರಡನೆಯ ಸಲ ಹೋಗಲಿಲ್ಲ. ಮೂರು ತಿಂಗಳ ಮಗುವನ್ನು ಹೊತ್ತುಕೊಂಡು ನಾನೇ ಹೋಗಿ ನಿಂತೆ.

ಬೆಳಿಗ್ಗೆ ಅಲಗು ಮಸೆಯುವುದು, ಸವೆದದ್ದನ್ನು ತೆಗೆದು ಆಚಾರಿಯಿಂದ ಹಳೇ ಗರಗಸದ ತುಂಡಿನಲ್ಲಿ ಹೊಸದು ಮಾಡಿಸಿ ಕೂರಿಸುವುದು, ಮಳೆಗಾಲಕ್ಕೆ ಮೊದಲು ಗೇರಿಗೆ ಎಣ್ಣೆ ಬಳಿದು ಗೋಣಿಚೀಲ ಸುತ್ತುವುದು, ಎಲ್ಲ ನನ್ನ ಪಾಲಿಗೆ ಬಂತು. ಸುತ್ತಲ ಹಳ್ಳಿಯವರು ಮೇವು ಕತ್ತರಿಸುವ ಚಕ್ರ ಕೆಟ್ಟರೆ, ಹೊಲಿಗೆ ಮಿಷನ್ನು ಕೆಟ್ಟರೆ ನನ್ನ ಹತ್ತಿರ ತರತೊಡಗಿದರು. ಬರಗೂರಿನಿಂದ ಒಬ್ಬ ಗಡಿಯಾರವನ್ನೇ ತಂದ. ಅದನ್ನು ಬಿಚ್ಚಿದೆ. ಮತ್ತೆ ಜೋಡಿಸಲಾಗಲಿಲ್ಲ.

ಕೊನೆಯ ವರ್ಷ ಮಳೆ ಹೆಚ್ಚಾಗಿ ಕೆರೆಯ ನೀರು ಬಯಲಿಗೆ ಏರಿ ಇಳಿದಿತ್ತು. ಇಳಿಯುವಾಗ ಎಲ್ಲಿಂದಲೋ ಕಲ್ಲು ತಂದು ಬಿಟ್ಟು ಹೋಗಿತ್ತು. ಹುಲ್ಲಿನೊಳಗೆ ಕಾಣದ ಒಂದು ಗುಂಡಿಗೆ ಚಕ್ರ ಇಳಿದು ಕಲ್ಲಿಗೆ ಅಪ್ಪಳಿಸಿತು. ಈ ಸಲ ಕೋಲು ಮುರಿಯಲಿಲ್ಲ, ಪೆಟ್ಟಿಗೆಯೊಳಗಿನ ದೊಡ್ಡ ಗೇರು ಬಿರುಕುಬಿಟ್ಟಿತು. ಆಚಾರಿ ನೋಡಿ ತಲೆಯಾಡಿಸಿದ. "ಇದು ಎರಕದ್ದು. ಕಾಯಿಸಿದ್ರೆ ಒಡೀತದೆ. ಮಧುಗಿರೀಲಿ ಗ್ಯಾಸ್ ವೆಲ್ಡಿಂಗು ಬಂದೈತಂತೆ, ಅಲ್ಲಿ ತೋರ್ಸಿ."

ಮರುದಿನ ಬೆಳಿಗ್ಗೆ ಮಾವನವರು ಗೇರನ್ನು ಗೋಣಿಚೀಲದಲ್ಲಿ ಸುತ್ತಿ ಹೊರಟರು. ಬಾಗಿಲು ದಾಟಿದವರು ತಿರುಗಿ, "ನೀನೂ ಬಾರವ್ವ. ನಂಗೆ ಅವನು ಏನು ಕೇಳಿದ್ರೂ ತಿಳಿಯಾಕಿಲ್ಲ" ಅಂದರು. ಮಗುವನ್ನು ಅತ್ತೆಯ ಬಳಿ ಬಿಟ್ಟು ಹೊರಟೆ. ಶಿರಾದಲ್ಲಿ ಬಸ್ಸು ಬದಲಾಯಿಸಿದೆವು. ಸೀಟು ಒಂದೇ ಸಿಕ್ಕಿತು. ನಾನು ಗೇರನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕಂಡಕ್ಟರು ಬಂದು ಚೀಲದ ಮೇಲೆ ಕೈಯಿಟ್ಟು, "ಮಗೂಗೆ ಎಷ್ಟು ವರ್ಷ?" ಅಂದ. ಕೈಗೆ ತಣ್ಣಗೆ ಹತ್ತಿದ್ದೇ ಹೌಹಾರಿ ಹಿಂದೆ ಸರಿದ.

ಮಧುಗಿರಿಯ ವರ್ಕ್‌ಷಾಪು ಒಂದು ತಗಡಿನ ಶೆಡ್ಡು. ಅಲ್ಲಿದ್ದ ಮೇಸ್ತ್ರಿ ಗೇರನ್ನು ತಿರುಗಿಸಿ ನೋಡಿ ಮಾವನವರನ್ನು ಕೇಳಿದ, "ಯಜಮಾನ್ರೆ, ಇದು ಯಾವ ಕಡೆ ತಿರುಗ್ತದೆ? ಬಲ ಎಲ್ಲಿ ಬೀಳ್ತದೆ?" ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಶೆಡ್ಡಿನಲ್ಲಿ ಇನ್ನೂ ಐದಾರು ಗಂಡಸರಿದ್ದರು.

"ನನ್ನ ಕೇಳ್ಬ್ಯಾಡಪ್ಪ" ಎಂದರು ಮಾವ. "ನಮ್ಮ ಸೊಸೇನ ಕೇಳು. ಮಿಷನ್ನು ಆಕೇದು."

ಯಾವ ಕಡೆ ತಿರುಗುತ್ತದೆ, ಬಿರುಕು ಎಲ್ಲಿ ಶುರುವಾಯಿತು, ಎಲ್ಲಿ ಮಸೆಯಬಾರದು, ಎಲ್ಲ ಹೇಳಿದೆ. ಮೇಸ್ತ್ರಿ ಒಮ್ಮೆಯೂ ನಗದೆ ಕೇಳಿಸಿಕೊಂಡು, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡ. "ಮೂರು ಗಂಟೆಗೆ ಬನ್ನಿ" ಅಂದ.

ಮೂರು ಗಂಟೆಯವರೆಗೆ ಮಾಡುವುದೇನು? ಮಾವನವರು ಒಂದು ಹೋಟೆಲಿನ ಮುಂದೆ ನಿಂತು, ಒಳಗೆ ನೋಡಿ, ನನ್ನನ್ನು ನೋಡಿದರು. ನಾನು ಹುಟ್ಟಿದಾಗಿನಿಂದ ಹೋಟೆಲಿನೊಳಗೆ ಕಾಲಿಟ್ಟವಳಲ್ಲ. ಹೆಂಗಸರು ಹೋಗುತ್ತಿರಲಿಲ್ಲ. ಮೂಲೆಯ ಮೇಜಿನ ಮೇಲೆ ಖಾಲಿ ಗೋಣಿಚೀಲ ಇಟ್ಟು ಗೋಡೆಗೆ ಮುಖ ಮಾಡಿ ಕೂತೆ. ಮಸಾಲೆ ದೋಸೆ ಬಂತು. ಎರಡನೆಯದೂ ಬಂತು. ಮಾವನವರು ಚಟ್ನಿ ಬೆರಳಲ್ಲಿ ಬಳಿದು ನೆಕ್ಕುತ್ತಾ, "ಮನೇಲಿ ಹೇಳ್ಬ್ಯಾಡ ಕಣವ್ವ. ನಿಮ್ಮತ್ತೆಗೆ ಬೇಜಾರಾಗ್ತದೆ" ಅಂದರು. ನಾನು ತಲೆಯಾಡಿಸಿದೆ.

ಸಂಜೆ ಬೆಳಕಿರುವಾಗಲೇ ಮನೆ ಸೇರಿದೆವು. ಅತ್ತೆ ಗೇರು ಸುತ್ತಿದ್ದ ಗೋಣಿಚೀಲ ತೆಗೆದು ಕೊಡವಿ ಮಡಚಿಟ್ಟರು. "ಊಟ ಮಾಡ್ತೀರಾ?" ಅಂದರು. ಇಬ್ಬರೂ, "ಅಷ್ಟೇನೂ ಹಸಿವಿಲ್ಲ" ಅಂದೆವು.

ಮೂರನೆಯ ದಿನ ಗೇರು ಕೂರಿಸಿ ಕುದುರೆ ಕಟ್ಟಿದೆವು. ಬೆಸುಗೆ ಅರ್ಧ ಸುತ್ತು ತಡೆಯಿತು. ಬಯಲಿನ ನಡುವೆ ಪೆಟ್ಟಿಗೆಯೊಳಗೆ ಕಡಲೆ ಹುರಿದಂಥ ಸದ್ದಾಗಿ, ಎಲ್ಲ ನಿಂತಿತು. ಮುಚ್ಚಳ ತೆಗೆದರೆ ಗೇರು ನಾಲ್ಕು ಹೋಳಾಗಿತ್ತು. ಮಾವನವರು ಹೋಳುಗಳನ್ನು ಒಂದೊಂದಾಗಿ ತೆಗೆದು ಹುಲ್ಲಿನ ಮೇಲೆ ಸಾಲಾಗಿ ಇಟ್ಟರು. ಸಾಬರು ಕುದುರೆಗಳನ್ನು ಬಿಚ್ಚಿ ಮೇಯಲು ಬಿಟ್ಟರು.

"ಸರಿ, ಕುಡುಗೋಲು ತರ್ಸಿ" ಅಂದರು ಮಾವ, ಕೊನೆಗೆ. ಅವರ ದನಿ ಸಣ್ಣಗಾಗಿತ್ತು.

ಅತ್ತೆ ಆಚೆ ತುದಿಯಿಂದ ಛತ್ರಿ ಮಡಚಿಕೊಂಡು ನಡೆದು ಬಂದರು. ಹೋಳುಗಳನ್ನು ನೋಡಿದರು.

"ಮತ್ತೆ ಮಧುಗಿರಿಗೆ ತಗೊಂಡು ಹೋಗಿ" ಅಂದರು.

"ಇನ್ನು ಏನೂ ಮಾಡಕಾಗಾಕಿಲ್ಲ. ಹೋಗಿ ಏನು ಸುಖ?"

"ಗೇರು ಹಾಳಾಗೋಗ್ಲಿ" ಎಂದರು ಅತ್ತೆ. "ಆವತ್ತು ಗೋಣಿಚೀಲದಾಗೆ ಚಟ್ನಿ ಮೆತ್ಕೊಂಡಿತ್ತು. ಈ ಸಲ ನಾನೂ ಬತ್ತೀನಿ."